ವಯಸ್ಸಾದವರ ಸೈನಸ್: ‘ಇನ್ನು ಹೀಗೆಯೇ’ ಎಂದು ಬಿಡಬೇಡಿ

ಪ್ರಶ್ನೆ: ನಮ್ಮ ತಾಯಿಗೆ 68 ವರ್ಷ. ಸುಗ್ಗಿಯಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸುವ ಕೆಲಸಕ್ಕೆ ಹೋಗುತ್ತಾರೆ. ಸೈನಸ್ ತೊಂದರೆ ಹಳೆಯದು. ಈಗ ಮೊದಲಿನಂತೆ ತಲೆನೋವಿಲ್ಲ. ಗಂಟಲಿಗೆ ಕಫ ಇಳಿಯುತ್ತದೆ, ವಾಸನೆ ತಿಳಿಯುವುದಿಲ್ಲ. ಔಷಧ ಅಂಗಡಿಯಿಂದ ತಂದ ಮೂಗಿನ ಹನಿ ಹಾಕದಿದ್ದರೆ ನಿದ್ದೆಯಿಲ್ಲ. ರಕ್ತದೊತ್ತಡ, ಸಕ್ಕರೆ ಕಾಯಿಲೆ ಇವೆ. ‘ವಯಸ್ಸಾಯಿತು, ಇನ್ನು ಹೀಗೆಯೇ’ ಎನ್ನುತ್ತಾರೆ. ಶಸ್ತ್ರಚಿಕಿತ್ಸೆ ಮಾಡಿಸಬಹುದೇ?
– ಓದುಗರು, ಬ್ಯಾಡಗಿ

ಉತ್ತರ: ಮೊದಲು ಆ ಹನಿಯನ್ನು ಬಿಡಿಸಿ. ಆಕ್ಸಿಮೆಟಜೋಲಿನ್, ಜೈಲೊಮೆಟಜೋಲಿನ್ ಇರುವ ಹನಿಗಳು ರಕ್ತನಾಳಗಳನ್ನು ಕುಗ್ಗಿಸಿ ಮೂಗನ್ನು ಕೂಡಲೇ ಬಿಡಿಸುತ್ತವೆ, ನಿಜ. ಆದರೆ ನಾಲ್ಕೈದು ದಿನ ಮೀರಿ ಹಾಕಿಕೊಂಡರೆ, ಔಷಧದ ಬಲ ಇಳಿದೊಡನೆ ಒಳಪೊರೆ ಇನ್ನಷ್ಟು ಊದಿಕೊಳ್ಳುತ್ತದೆ, ರಕ್ತದೊತ್ತಡವೂ ಏರಬಹುದು. ತಾಯಿಯವರ ಮೂಗು ಕಟ್ಟುವುದಕ್ಕೆ ಈ ಹನಿಯೂ ಕಾರಣವಾಗಿರಬಹುದು. ಬಿಟ್ಟ ಮೇಲೆ ಕೆಲವು ದಿನ ಕಷ್ಟವಾಗುತ್ತದೆ. ಅದನ್ನು ದಾಟಲು ವೈದ್ಯರು ಸ್ಟೀರಾಯ್ಡ್ ಸ್ಪ್ರೇ ಕೊಡುತ್ತಾರೆ.

ವಯಸ್ಸಿನ ಮಾತು ಪೂರ್ತಿ ಸುಳ್ಳಲ್ಲ. ಮೂಗಿನೊಳಗಿನ ಸೂಕ್ಷ್ಮ ರೋಮಗಳು ಲೋಳೆಯನ್ನು ಹಗಲಿರುಳು ಗಂಟಲಿನತ್ತ ತಳ್ಳುತ್ತಿರುತ್ತವೆ. ಪ್ರಾಯ ಸಂದಂತೆ ಅವುಗಳ ವೇಗ ತಗ್ಗುತ್ತದೆ, ಗ್ರಂಥಿಗಳು ಸೊರಗುತ್ತವೆ, ಪೊರೆ ಒಣಗುತ್ತದೆ, ಲೋಳೆ ಅಂಟಂಟಾಗುತ್ತದೆ. ಉರಿಯೂತದ ಬಗೆಯೂ ಹಲವರಲ್ಲಿ ಬದಲಾಗುತ್ತದೆ: ಅಲರ್ಜಿಯಲ್ಲಿ ಹೆಚ್ಚುವ ಇಯೊಸಿನೊಫಿಲ್ ಎಂಬ ಬಿಳಿ ರಕ್ತಕಣಗಳಿಗಿಂತ ಸೋಂಕಿನೊಡನೆ ಹೋರಾಡುವ ನ್ಯೂಟ್ರೊಫಿಲ್ ಕಣಗಳದೇ ಮೇಲುಗೈ. ಆದ್ದರಿಂದ ಹತ್ತು ವರ್ಷದ ಹಿಂದಿನ ಚೀಟಿಯನ್ನೇ ಹಿಡಿದು ಅಂಗಡಿಗೆ ಹೋಗುವುದು ಸರಿಯಲ್ಲ. ಕ್ಲೋರ್‌ಫೆನಿರಮಿನ್‌ನಂಥ ಹಳೆಯ ನೆಗಡಿ ಮಾತ್ರೆಗಳು ಒಣಮೂಗನ್ನು ಇನ್ನೂ ಒಣಗಿಸುತ್ತವೆ. ಈ ವಯಸ್ಸಿನವರಿಗೆ ಮಂಪರು, ಗೊಂದಲ ತಂದು ಬೀಳಿಸುತ್ತವೆ ಕೂಡ.

ಉಪ್ಪುನೀರಿನಿಂದ ಮೂಗು ತೊಳೆಯುವುದನ್ನು ದಯವಿಟ್ಟು ಮನೆಮದ್ದೆಂದು ಕಡೆಗಣಿಸಬೇಡಿ. ಕುದಿಸಿ ಆರಿಸಿದ ಒಂದು ಲೋಟ ನೀರಿಗೆ ಅರ್ಧ ಚಮಚ ಉಪ್ಪು, ಚಿಟಿಕೆ ಅಡುಗೆ ಸೋಡ ಸಾಕು. ನಲ್ಲಿಯ ನೀರನ್ನು ನೇರವಾಗಿ ಬಳಸಬಾರದು. ಮೆಣಸಿನಕಾಯಿ ಘಾಟಿನಲ್ಲಿ ದಿನವಿಡೀ ಕುಳಿತು ಬಂದವರು ಮನೆಗೆ ಬಂದೊಡನೆ ತೊಳೆದುಕೊಳ್ಳಲಿ. ಕೆಲಸದಲ್ಲಿ ಮಾಸ್ಕ್ ಇರಲಿ. ಸ್ಪ್ರೇಯನ್ನು ತೊಳೆದ ನಂತರ ಹಾಕಬೇಕು, ತುದಿಯನ್ನು ಮೂಗಿನ ನಡುಗೋಡೆಯತ್ತ ಹಿಡಿಯದೆ ಕಣ್ಣಿನ ಕಡೆಗೆ ಓರೆಯಾಗಿಸಬೇಕು. ಫಲ ಕಾಣಲು ಕೆಲವು ವಾರ ಬೇಕು. ಸೈನಸ್‌ನಿಂದ ಕುಂದಿದ ವಾಸನೆ ಎಷ್ಟೋ ಜನರಿಗೆ ಮರಳುತ್ತದೆ. ಅಲ್ಲಿಯವರೆಗೆ ಅಡುಗೆ ಅನಿಲದ ಸೋರಿಕೆಯ ಮೇಲೆ ಮನೆಯ ಬೇರೆಯವರು ಕಣ್ಣಿಡಿ.

ಶಸ್ತ್ರಚಿಕಿತ್ಸೆಗೆ ವಯಸ್ಸೊಂದೇ ಅಡ್ಡಿಯಲ್ಲ. ಎರಡು ಮೂರು ತಿಂಗಳ ಸರಿಯಾದ ಚಿಕಿತ್ಸೆಗೂ ಜಗ್ಗದಿದ್ದರೆ ಹುಬ್ಬಳ್ಳಿಯ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಯಂಥ (ಹಿಂದಿನ ಕಿಮ್ಸ್) ಕಡೆ ಎಂಡೋಸ್ಕೋಪಿ (ಮೂಗಿನೊಳಗೆ ಸಣ್ಣ ಕೊಳವೆ ಹಾಕಿ ನೋಡುವ ಪರೀಕ್ಷೆ), ಸಿ.ಟಿ. ಸ್ಕ್ಯಾನ್ ಮಾಡಿಸಿ. ಸಕ್ಕರೆ, ರಕ್ತದೊತ್ತಡ ಹತೋಟಿಯಲ್ಲಿದ್ದರೆ ಎಂಡೋಸ್ಕೋಪ್ ಮೂಲಕ ಮಾಡುವ ಶಸ್ತ್ರಚಿಕಿತ್ಸೆಯನ್ನು ಎಪ್ಪತ್ತರ ಮೇಲಿನವರಿಗೂ ಮಾಡುತ್ತಾರೆ. ಒಂದೇ ಹೊಳ್ಳೆ ಕಟ್ಟಿ ದುರ್ವಾಸನೆ ಬಂದರೆ ಮೇಲ್ದವಡೆಯ ಹಲ್ಲಿನ ಬೇರನ್ನೂ ಪರೀಕ್ಷಿಸಬೇಕು. ರಕ್ತ ಬಂದರೆ ಗೆಡ್ಡೆಯಿಲ್ಲವೆಂದು ಖಚಿತಪಡಿಸಿಕೊಳ್ಳಬೇಕು. ಸಕ್ಕರೆ ಕಾಯಿಲೆಯವರಲ್ಲಿ ಕಣ್ಣು ಊದಿದರೆ, ಒಂದು ವಸ್ತು ಎರಡಾಗಿ ಕಂಡರೆ, ಕೆನ್ನೆ ಜೋಮು ಹಿಡಿದರೆ, ಮೂಗಿನಲ್ಲಿ ಕಪ್ಪು ಹಕ್ಕಳೆ ಕಂಡರೆ ಅದು 2021ರಲ್ಲಿ ನಾವೆಲ್ಲ ಕಂಡ ಕಪ್ಪು ಶಿಲೀಂಧ್ರ (ಬ್ಲ್ಯಾಕ್ ಫಂಗಸ್) ಸೋಂಕಾಗಿರಬಹುದು. ಬೆಳಗಾಗಲಿ ಎಂದು ಕಾಯದೆ ಆ ರಾತ್ರಿಯೇ ಆಸ್ಪತ್ರೆಗೆ ಕರೆದೊಯ್ಯಿರಿ.