ಕಿಡ್ನಿಯ ನಾಳದಲ್ಲಿ 7 ಎಂಎಂ ಕಲ್ಲು ಅಂದಿದ್ದರು, ಈಗ ನೋವಿಲ್ಲ. ಬಾಳೆದಿಂಡಿನ ರಸ ಸಾಕಾ, ಆಪರೇಷನ್ ಬೇಕಾ? ಹಾಸನವೋ ಬೆಂಗಳೂರೋ?

ನಿಮ್ಮ ಪ್ರಶ್ನೆಯಲ್ಲಿ "ನಾಲ್ಕು ದಿನದಿಂದ ನೋವಿಲ್ಲ, ಕಲ್ಲು ಹೋಗಿರಬೇಕು" ಅಂತ ಬರೆದಿದ್ದೀರಲ್ಲ, ಅದನ್ನು ಓದಿ ನನಗೆ ಎದೆ ಧಸಕ್ಕೆಂದಿತು. ದಯವಿಟ್ಟು ಹಾಗೆ ಅಂದುಕೊಳ್ಳಬೇಡಿ. ನಾನೂ ಹಾಗೇ ಅಂದುಕೊಂಡಿದ್ದೆ.

ನಮ್ಮದು ಮೂಡಿಗೆರೆ ಕಡೆ ಸಣ್ಣ ಕಾಫಿ ತೋಟ. ಡಿಸೆಂಬರ್‌ನಲ್ಲಿ, ಅರೇಬಿಕಾ ಕೊಯ್ಲು ಜೋರಾಗಿದ್ದಾಗ, ಒಂದು ರಾತ್ರಿ ಎಡಗಡೆ ಹಿಡಿದುಕೊಂಡಿತು. ಬೆನ್ನಿಂದ ಶುರುವಾಗಿ ತೊಡೆಸಂದಿಗೆ ಇಳಿಯುವ ನೋವು. ಕೂತರೂ ಆಗದು, ಮಲಗಿದರೂ ಆಗದು, ಮೇಲೆ ವಾಂತಿ. ಚಿಕ್ಕಮಗಳೂರಿಗೆ ಕರೆದುಕೊಂಡು ಹೋದರು. ಇಂಜೆಕ್ಷನ್ ಆಯಿತು, ಸ್ಕ್ಯಾನ್ ಆಯಿತು. ನನ್ನದೂ 7 ಎಂಎಂ, ಕಿಡ್ನಿಯಿಂದ ಮೂತ್ರಚೀಲಕ್ಕೆ ಬರುವ ನಾಳದ ಕೆಳಭಾಗದಲ್ಲಿ. ಡಾಕ್ಟರು ನಾಳ ಸಡಿಲವಾಗಲು ಮಾತ್ರೆ ಬರೆದರು. "ಮೂತ್ರವನ್ನು ಟೀ ಜಾಲರಿಯಲ್ಲಿ ಸೋಸಿ ನೋಡಿ. ಕಲ್ಲು ಸಿಕ್ಕರೂ ಸಿಗದಿದ್ದರೂ ಎರಡು ವಾರಕ್ಕೆ ಮತ್ತೆ ಸ್ಕ್ಯಾನ್‌ಗೆ ಬನ್ನಿ" ಅಂದರು.

ಆ ಎರಡನೇ ಸ್ಕ್ಯಾನ್‌ಗೆ ನಾನು ಹೋಗಲಿಲ್ಲ.

ಯಾಕೆ ಹೋಗಲಿಲ್ಲ ಅಂತ ಬಿಡಿಸಿ ಹೇಳುತ್ತೇನೆ, ನಿಮಗೂ ಇದೇ ಕಾರಣಗಳು ಇರಬಹುದು. ನೋವು ನಿಂತಿತ್ತು. ಆಳು ಸಿಕ್ಕ ದಿನ ಹಣ್ಣು ಕೊಯ್ಯಿಸದಿದ್ದರೆ ಗಿಡದಲ್ಲೇ ಒಣಗಿ ಉದುರುತ್ತದೆ, ಕಣದಲ್ಲಿ ಹರಡಿದ ಕಾಫಿ ಬಿಟ್ಟು ಬರಲು ಮನಸ್ಸಾಗಲಿಲ್ಲ. ಅತ್ತೆ ದಿನಾ ಬೆಳಿಗ್ಗೆ ಪ್ರೀತಿಯಿಂದ ಬಾಳೆದಿಂಡಿನ ರಸ ಕೊಡುತ್ತಿದ್ದರು. "ನೋವು ಹೋಯ್ತಲ್ಲ, ಕಲ್ಲೂ ಹೋಯ್ತು ಬಿಡಮ್ಮ" ಅಂದರು, ನಾನೂ ನಂಬಿದೆ. ಜಾಲರಿಯಲ್ಲಿ ಏನೂ ಸಿಕ್ಕಿರಲಿಲ್ಲ. ಪುಡಿಯಾಗಿ ಹೋಗಿರಬೇಕು ಅಂದುಕೊಂಡೆ. ಆಮೇಲೆ ಊರಿನ ಹೆಲ್ತ್ ಕ್ಯಾಂಪಿನಲ್ಲಿ ರಕ್ತ ಪರೀಕ್ಷೆ ಮಾಡಿಸಿದಾಗ ಕ್ರಿಯಾಟಿನಿನ್, ಅಂದರೆ ಕಿಡ್ನಿ ಸೋಸಿ ಹೊರಹಾಕಬೇಕಾದ ಕಸದ ಪ್ರಮಾಣ, ನಾರ್ಮಲ್ ಅಂತ ಬಂತು. ಕಿಡ್ನಿ ಚೆನ್ನಾಗಿದೆ ಅಂತ ಪೂರ್ತಿ ನಿಶ್ಚಿಂತೆಯಾಯಿತು. ರೋಬಸ್ಟಾ ಮುಗಿಯಿತು, ಮೆಣಸು ಮುಗಿಯಿತು, ಮಳೆಗಾಲ ಬಂತು.

ಮಳೆಗಾಲದಲ್ಲಿ ಬೇರೆ ಯಾವುದೋ ಕಾರಣಕ್ಕೆ ಹೊಟ್ಟೆ ಸ್ಕ್ಯಾನ್ ಮಾಡಿದರು. ಎಡ ಕಿಡ್ನಿ ಊದಿಕೊಂಡಿತ್ತು. ಕಲ್ಲು ಇದ್ದ ಜಾಗದಲ್ಲೇ ಇತ್ತು.

ಕಲ್ಲು ಇದ್ದೂ ನೋವು ಯಾಕೆ ಹೋಯಿತು ಅಂತ ಆಗ ತಿಳಿಯಿತು. ಕಲ್ಲು ಅಡ್ಡ ಕೂತಾಗ ಮೂತ್ರ ಹಿಂದಕ್ಕೆ ನಿಂತು, ಒತ್ತಡ ಏಕಾಏಕಿ ಏರುತ್ತದೆ. ಆ ಭಯಂಕರ ನೋವು ಆ ಒತ್ತಡದ್ದು. ಅಡ್ಡಿ ಹಾಗೇ ಉಳಿದರೆ ನಾಳ ಹಿಗ್ಗಿ ಸಡಿಲವಾಗುತ್ತದೆ, ಆ ಕಿಡ್ನಿಗೆ ರಕ್ತ ಕಡಿಮೆಯಾಗುತ್ತದೆ, ಅದು ಮೂತ್ರ ಮಾಡುವುದನ್ನೇ ಕಡಿಮೆ ಮಾಡುತ್ತದೆ. ಒತ್ತಡ ಇಳಿಯುತ್ತದೆ, ನೋವೂ ಇಳಿಯುತ್ತದೆ. ಅಂದರೆ ನಾನು ವಾಸಿಯಾಯಿತು ಅಂದುಕೊಂಡ ದಿನಗಳಲ್ಲೇ ಕಿಡ್ನಿ ಸೋಲುತ್ತಿತ್ತು. ಕ್ರಿಯಾಟಿನಿನ್ ನಾರ್ಮಲ್ ಬಂದಿದ್ದು ಬಲಗಡೆಯದು ಎರಡರ ಕೆಲಸವನ್ನೂ ಮಾಡುತ್ತಿದ್ದರಿಂದ. ಯಾವ ಕಿಡ್ನಿ ಎಷ್ಟು ಕೆಲಸ ಮಾಡುತ್ತಿದೆ ಅಂತ ಹೇಳುವುದು ಡಿಟಿಪಿಎ ಸ್ಕ್ಯಾನ್. ಒಟ್ಟು ಕೆಲಸದಲ್ಲಿ ನನ್ನ ಎಡಗಡೆಯದರ ಪಾಲು ಶೇ. 18ಕ್ಕೆ ಇಳಿದಿತ್ತು. ಲೇಸರ್‌ನಲ್ಲಿ ಕಲ್ಲು ಒಡೆದು ತೆಗೆದರು, ಆದರೆ ಹೋದ ಶಕ್ತಿ ತಿರುಗಿ ಬರಲಿಲ್ಲ. ಒಂದೇ ಒಂದು ಸ್ಕ್ಯಾನ್ ಮಾಡಿಸಿದ್ದರೆ ಉಳಿಯುತ್ತಿತ್ತು.

ಹಾಗಾಗಿ ರಸವೋ ಆಪರೇಷನ್ನೋ ಅನ್ನುವ ನಿಮ್ಮ ಪ್ರಶ್ನೆಯನ್ನು ನಾನು ಒಪ್ಪುವುದಿಲ್ಲ. ಮೊದಲು ತಿಳಿಯಬೇಕಾದ್ದು ಕಲ್ಲು ಈಗ ಎಲ್ಲಿದೆ ಅನ್ನುವುದು. ಈ ವಾರವೇ ಸ್ಕ್ಯಾನ್ ಮಾಡಿಸಿ. ಅಲ್ಟ್ರಾಸೌಂಡ್‌ನಲ್ಲಿ ಕಿಡ್ನಿ ಊದಿದ್ದು ಕಾಣುತ್ತದೆ, ಆದರೆ ನಾಳದ ಮಧ್ಯದ ಕಲ್ಲು ಎಷ್ಟೋ ಸಲ ತಪ್ಪಿಹೋಗುತ್ತದೆ. ಅನುಮಾನ ಉಳಿದರೆ ಕಾಂಟ್ರಾಸ್ಟ್ (ಬಣ್ಣದ ಇಂಜೆಕ್ಷನ್) ಇಲ್ಲದ ಸಿಟಿ ಕೆಯುಬಿ, ಅಂದರೆ ಕಿಡ್ನಿ, ನಾಳ, ಮೂತ್ರಚೀಲದ ಸಿಟಿ ಸ್ಕ್ಯಾನ್, ಬೇಕಾ ಅಂತ ಕೇಳಿ. 5 ಎಂಎಂ ಒಳಗಿನ ಕಲ್ಲು ಹೆಚ್ಚಿನ ಮಂದಿಗೆ ತಾನಾಗಿ ಹೋಗುತ್ತದೆ. ದೊಡ್ಡದಾದಷ್ಟೂ ಆ ಸಾಧ್ಯತೆ ಕಡಿಮೆ. ಕಾಯುವುದಾದರೂ ಡಾಕ್ಟರ ಕಣ್ಣೆದುರೇ ಕಾಯಿರಿ, 4ರಿಂದ 6 ವಾರಕ್ಕಿಂತ ಜಾಸ್ತಿ ಬೇಡ. ನಡುವೆ ಚಳಿಜ್ವರ ಬಂದರೆ ಅಥವಾ ಮೂತ್ರ ನಿಂತರೆ ಬೆಳಗಾಗಲಿ ಅಂತ ಕೂರಬೇಡಿ. ಕಟ್ಟಿಕೊಂಡ ಕಿಡ್ನಿಯಲ್ಲಿ ಸೋಂಕಾದರೆ ಜೀವಕ್ಕೇ ಅಪಾಯ, ಅದೇ ರಾತ್ರಿ ಆಸ್ಪತ್ರೆಗೆ ಹೊರಡಿ.

ಬಾಳೆದಿಂಡನ್ನು ಪಲ್ಯ ಮಾಡಿ ತಿನ್ನಿ, ನಾನೂ ತಿನ್ನುತ್ತೇನೆ. ಆದರೆ ಜಾಸ್ತಿ ಜನರಿಗೆ ಆಗುವುದು ಕ್ಯಾಲ್ಸಿಯಂ ಆಕ್ಸಲೇಟ್ ಕಲ್ಲು, ಅದು ಯಾವ ರಸಕ್ಕೂ ಕರಗುವುದಿಲ್ಲ. ಔಷಧಿಗೆ ಕರಗುವುದು ಯೂರಿಕ್ ಆಸಿಡ್ ಕಲ್ಲು. ಹಾಲು ಮೊಸರು ಬಿಡಿ ಅಂತ ಯಾರಾದರೂ ಹೇಳಿದರೆ ಕೇಳಬೇಡಿ. ಊಟದ ಜೊತೆ ಹೋಗುವ ಅವುಗಳ ಕ್ಯಾಲ್ಸಿಯಂ, ಕಲ್ಲಾಗುವ ಆಕ್ಸಲೇಟನ್ನು ಹೊಟ್ಟೆಯಲ್ಲೇ ಹಿಡಿದಿಡುತ್ತದೆ. ಕಡಿಮೆ ಮಾಡಬೇಕಾದ್ದು ಉಪ್ಪು. ಮುಂದೆ ಮತ್ತೆ ಕಲ್ಲಾಗದಿರಲು ದಿನಕ್ಕೆ ಎರಡು, ಎರಡೂವರೆ ಲೀಟರ್ ಮೂತ್ರ ಹೋಗುವಷ್ಟು ನೀರು ಕುಡಿಯಬೇಕು. ನಮ್ಮ ಕಡೆ ಹೆಂಗಸರು ತೋಟದಲ್ಲಿ ಶೌಚಾಲಯ ಇಲ್ಲ ಅಂತ ಬೆಳಗಿಂದ ಸಂಜೆವರೆಗೂ ನೀರೇ ಮುಟ್ಟುವುದಿಲ್ಲ. ನಾನೂ ಹಾಗೇ ಇದ್ದೆ. ಈಗ ನಮ್ಮ ತೋಟದಲ್ಲಿ ಒಂದು ಕಟ್ಟಿಸಿದ್ದೇವೆ, ಆಳುಗಳಿಗೂ ಅದೇ. ತೋಟ ಇರುವವರೆಲ್ಲ ಇದನ್ನು ಮೊದಲು ಮಾಡಬೇಕು.

ನೀವಿರುವ ಬೇಲೂರಿನಿಂದ ಹಾಸನ ಹತ್ತಿರ. ಯುರಾಲಜಿಸ್ಟ್ (ಮೂತ್ರಾಂಗದ ಆಪರೇಷನ್ ಮಾಡುವ ಡಾಕ್ಟರು), ಲೇಸರ್, ಸಿಟಿ ಇರುವ ಕಡೆ ಯಾವುದು ಬೇಗ ಸಿಗುತ್ತದೋ ಅಲ್ಲಿಗೆ ಹೋಗಿ. ಬೆಂಗಳೂರಿಗೇ ಹೋಗಬೇಕು ಅಂತ ದಿನ ದೂಡಬೇಡಿ. ಕಿಡ್ನಿ ಸೋತಿದ್ದರೆ ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆ ಆವರಣದಲ್ಲಿರುವ ಸರ್ಕಾರದ ನೆಫ್ರೋ ಯುರಾಲಜಿ ಸಂಸ್ಥೆ ಇದೆ. ದುಡ್ಡಿನ ಚಿಂತೆಯಾದರೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆ ಇದೆ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಸಿಗುತ್ತದೆ, ಎಪಿಎಲ್ ಆದರೆ ಪ್ಯಾಕೇಜ್ ದರದ, ಅಂದರೆ ಆ ಚಿಕಿತ್ಸೆಗೆ ಸರ್ಕಾರ ಗೊತ್ತು ಮಾಡಿದ ದರದ, ಶೇ. 30. ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಿ ವಿಚಾರಿಸಿ, ಖಾಸಗಿಗೆ ಹೋಗುವುದಾದರೆ ಸಾಮಾನ್ಯವಾಗಿ ಅಲ್ಲಿಂದ ರೆಫರಲ್ ಪತ್ರ ಬೇಕಾಗುತ್ತದೆ.

ಲೇಸರ್ ಆದರೆ ಹೆದರಬೇಡಿ, ಹೊಟ್ಟೆ ಕೊಯ್ಯುವುದಿಲ್ಲ, ಮೂತ್ರದ ದಾರಿಯಲ್ಲೇ ಹೋಗುತ್ತಾರೆ. ಒಳಗೆ ಡಿಜೆ ಸ್ಟೆಂಟ್ ಅನ್ನುವ ತೆಳು ಕೊಳವೆ ಬಿಟ್ಟಿದ್ದರೆ ಅದನ್ನು ಯಾವಾಗ ತೆಗೆಯುತ್ತಾರೆ ಅಂತ ಡಿಸ್ಚಾರ್ಜ್ ಹಾಳೆಯಲ್ಲೇ ಬರೆಸಿಕೊಳ್ಳಿ. ಅದಕ್ಕೂ ನೋವು ಇರಲೇಬೇಕು ಅಂತಿಲ್ಲ. ಮರೆತು ಒಳಗೇ ಬಿಟ್ಟರೆ ಅದರ ಮೇಲೇ ಮತ್ತೆ ಕಲ್ಲು ಕಟ್ಟುತ್ತದೆ.