ಅವನ ಅಡ್ರೆಸ್ಸಲ್ಲಿ ಜಪಾನ್ ಅನ್ನೋ ಪದವೇ ಇಲ್ಲ, ಅಮ್ಮಾ

ತೀರ್ಥಹಳ್ಳಿ ಕಡೆಯ ಒಬ್ಬ ಅಜ್ಜಿ ಬರೆದ ಪತ್ರ ಇದು, ಹೆಸರು ಹಾಕ್ಬೇಡಿ ಅಂದಿದ್ದಾರೆ. ಉದ್ದ ಪತ್ರ, ಮುಖ್ಯವಾದಷ್ಟು ಮಾತ್ರ ಇಲ್ಲಿ ಕೊಡ್ತಿದೀನಿ:

"ನನ್ನ ಅಳಿಯ ಹುಟ್ಟಿ ಬೆಳೆದಿದ್ದು ಅಮೆರಿಕಾದಲ್ಲೇ, ಅಲ್ಲಿನ ನೇವಿಯಲ್ಲಿ ಕೆಲಸ. ಎರಡು ವರ್ಷದಿಂದ ಮಗಳು, ಮೊಮ್ಮಗ ಎಲ್ಲ ಜಪಾನಿನ ಯೊಕೊಸುಕಾದಲ್ಲಿದ್ದಾರೆ. ಅಳಿಯ ತಿಂಗಳುಗಟ್ಟಲೆ ಹಡಗಲ್ಲಿ. ಮೊಮ್ಮಗನಿಗೆ 9 ವರ್ಷ, ಇದು ಅವನಿಗೆ ಮೂರನೇ ಊರು. ನಿನ್ನ ಊರು ಯಾವುದು ಪುಟ್ಟಾ ಅಂದ್ರೆ ಫೋನಲ್ಲಿ ಸುಮ್ಮನಾಗ್ತಾನೆ. ಜಪಾನಲ್ಲಿದ್ದೂ ನಾಲ್ಕು ಮಾತು ಜಪಾನಿ ಬರಲ್ಲ. ಆ ಮಗು ಬೆಳಗಿಂದ ಸಂಜೆವರೆಗೂ ಏನು ಮಾಡುತ್ತೆ? ಬರೋ ಮಾರ್ಚ್‌ನಲ್ಲಿ ನಾನು ಹೋಗ್ತಿದೀನಿ, ಅವನ ಹತ್ರ ಏನು ಮಾತಾಡ್ಲಿ?"

ಅಮ್ಮಾ, ನಿಮ್ಮ ಪತ್ರ ನನ್ನ ಮೇಜಿಗೇ ಬಂದಿದ್ದು ಒಳ್ಳೇದಾಯ್ತು, ಯಾಕಂದ್ರೆ ಯಜಮಾನರ ಕೆಲಸದ ದೆಸೆಯಿಂದ ನಾವು 2009ರಿಂದ ನಾಲ್ಕು ವರ್ಷ ಯೊಕೊಸುಕಾ ಪಕ್ಕದ ಝುಶಿ ಅನ್ನೋ ಸಣ್ಣ ಊರಲ್ಲಿದ್ವಿ, ನಮ್ಮ ಮೇಲಿನ ಮನೆಯಲ್ಲೇ ಒಂದು ಅಮೆರಿಕನ್ ನೇವಿ ಸಂಸಾರ ಇತ್ತು, ಅವರ ಹುಡುಗ ನನ್ನ ಮಗಳ ವಯಸ್ಸಿನವನು. ಅದೂ ಅಲ್ದೆ ನಾನೂ ಫೌಜಿ ಮಗಳೇ. ಅಪ್ಪ ಹವಾಲ್ದಾರ್ ಆಗಿದ್ರು, ಜಲಂಧರ್, ಜಬಲ್‌ಪುರ, ಬೆಂಗಳೂರು ಅಂತ ಟ್ರಂಕ್ ಪೆಟ್ಟಿಗೆ ಜೊತೆ ಬೆಳೆದೋಳು. ಹಾಗಾಗಿ ಸ್ವಲ್ಪ ಉದ್ದ ಆದ್ರೂ ಓದ್ಕೊಳ್ಳಿ.

ಮೊದಲು ಅವನ ದಿನ ಹೇಳ್ತೀನಿ. ಮೇಲಿನ ಮನೆ ಹುಡುಗ ಬೆಳಗ್ಗೆ ತಿಂತಿದ್ದ ಸೀರಿಯಲ್ ಅಮೆರಿಕನ್ ನೇವಿಯ ನೆಲೆ, ಅವರು ಬೇಸ್ ಅಂತಾರಲ್ಲ, ಅದರ ಒಳಗಿನ ಕಮಿಸರಿಯಿಂದ, ಅಂದ್ರೆ ನಮ್ಮ ಕ್ಯಾಂಟೀನ್ ಇರುತ್ತಲ್ಲ ಹಾಗೆ, ಡಾಲರ್ ಕೊಟ್ಟು ತಂದಿದ್ದು. ಹಾಲು ಮುಗಿದುಹೋದ್ರೆ ಮೂಲೆ ಅಂಗಡಿಗೆ ಓಡಿ ಯೆನ್ ಕೊಟ್ಟು ತರ್ತಿದ್ದ. ಮೆಟ್ಟಿಲು ಇಳಿದ್ರೆ ಬೀದಿ ತುಂಬ ಹಳದಿ ಟೋಪಿ, ಬೆನ್ನಿಗೆ ಪೆಟ್ಟಿಗೆ ಥರದ ರಾಂದೊಸೆರು ಬ್ಯಾಗ್ ಹಾಕ್ಕೊಂಡ ಜಪಾನಿ ಮಕ್ಕಳು ಸಾಲಾಗಿ ನಡ್ಕೊಂಡೇ ಸ್ಕೂಲಿಗೆ ಹೋಗ್ತಿರ್ತವೆ, ಇವನೊಬ್ಬ ಎದುರು ದಿಕ್ಕಿಗೆ, ಬೇಸ್ ಬಸ್ಸು ನಿಲ್ಲೋ ಜಾಗಕ್ಕೆ. ಬಸ್ಸು ಗೇಟ್ ದಾಟಿದ್ರೆ ಅಷ್ಟೇ ಅಮ್ಮಾ, ಜಪಾನ್ ಮುಗೀತು. ಬೇಸ್‌ಬಾಲ್ ಮೈದಾನ, ಪಿಜ್ಜಾ, ಇಂಗ್ಲಿಷ್ ಬೋರ್ಡು, ಅಗಲ ರಸ್ತೆ. ಗಾಡಿ ಮಾತ್ರ ಅಲ್ಲೂ ಎಡಗಡೆ.

8 ಗಂಟೆಗೆ ಧ್ವಜ ಏರಿಸ್ತಾರೆ. ಮೊದಲು ಅಮೆರಿಕಾದ ರಾಷ್ಟ್ರಗೀತೆ, ಆಮೇಲೆ ಜಪಾನಿನದು. ಹೊರಗಡೆ ಇರೋರೆಲ್ಲ, ಕಾರಲ್ಲಿ ಹೋಗ್ತಿರೋರೂ ಸೇರಿ, ಇದ್ದಲ್ಲೇ ನಿಲ್ಬೇಕು. ಎರಡು ದೇಶದ ಹಾಡಿಗೆ ದಿನಾ ನಿಂತು ಬೆಳೆಯೋ ಮಗು ಅದು, ನಿನ್ನ ಊರು ಯಾವುದು ಅಂದ್ರೆ ಸುಮ್ಮನಾಗದೆ ಇನ್ನೇನು ಮಾಡ್ಬೇಕು ಹೇಳಿ.

ಸ್ಕೂಲು ಅಮೆರಿಕಾದ ರಕ್ಷಣಾ ಇಲಾಖೆಯದು. ಎರಡನೇ ಮಹಾಯುದ್ಧ ಮುಗಿದ ಮೇಲೆ 1946ರಲ್ಲಿ ಹೊರದೇಶದಲ್ಲಿರೋ ಸೈನಿಕರ ಮಕ್ಕಳಿಗೆ ಅಂತ ಶುರುವಾದ ವ್ಯವಸ್ಥೆ, ಜಪಾನಿಂದ ಜರ್ಮನಿಗೆ ವರ್ಗ ಆದ್ರೂ ಪಾಠ ಅಲ್ಲಿಂದಲೇ ಮುಂದುವರಿಯೋ ಹಾಗೆ. ನಮ್ಮ ಕೇಂದ್ರೀಯ ವಿದ್ಯಾಲಯವೂ ಇದೇ ಕಾರಣಕ್ಕೇ ಅಲ್ವಾ ಹುಟ್ಟಿದ್ದು, 1963ರಲ್ಲಿ 20 ರೆಜಿಮೆಂಟಲ್ ಸ್ಕೂಲುಗಳನ್ನ ತಗೊಂಡು. ಜಬಲ್‌ಪುರದಲ್ಲಿ ಮೊದಲ ದಿನ ಕ್ಲಾಸಿಗೆ ಹೋದಾಗ ಹಳೇ ಊರಿನ ಅದೇ ಪುಸ್ತಕ, ಅದೇ ಪ್ರೇಯರ್ ನೋಡಿ ಎಷ್ಟು ಸಮಾಧಾನ ಆಯ್ತು ಅಂತ ನನಗೆ ಇವತ್ತೂ ನೆನಪಿದೆ. ನಿಮ್ಮ ಮೊಮ್ಮಗನಿಗೂ ಆ ಸಮಾಧಾನ ಇದೆ, ಅದನ್ನ ಕಡಿಮೆ ಅನ್ಕೋಬೇಡಿ. ಅಲ್ಲಿ ಜಪಾನಿ ಟೀಚರ್ ಒಬ್ಬರು ಬಂದು ಭಾಷೆ, ಹಬ್ಬ, ಕಾಗದ ಮಡಚೋದು ಎಲ್ಲ ಕಲಿಸ್ತಾರೆ, ಆದ್ರೆ ಅದು ವಾರದಲ್ಲಿ ಸ್ವಲ್ಪ ಹೊತ್ತು, ಉಳಿದ ಹೊತ್ತೆಲ್ಲ ಇಂಗ್ಲಿಷ್. ಭಾಷೆ ಬರಲಿಲ್ಲ ಅಂತ ಮಗುವನ್ನ ಬೈಯೋದು ತಪ್ಪು, ಅವನಿಗೆ ಆ ಭಾಷೆ ಬೇಕಾಗೋ ಸಂದರ್ಭವೇ ಬರಲ್ಲ. ಅವನ ಅಂಚೆ ವಿಳಾಸ ಮಗಳ ಹತ್ರ ಇಸ್ಕೊಂಡು ನೋಡಿ, ಎಫ್‌ಪಿಒ ಎಪಿ ಅಂತಿರುತ್ತೆ, ಅದು ಅಮೆರಿಕನ್ ನೇವಿಯದೇ ಅಂಚೆಯ ಗುರುತು, ಕೆಳಗೆ ಅಮೆರಿಕಾದ ಪಿನ್‌ಕೋಡು. ಜಪಾನ್ ಅನ್ನೋ ಪದವೇ ಅದರಲ್ಲಿ ಇರಲ್ಲ.

ಬೇರು ಎಲ್ಲಿ ಬಿಡುತ್ತೆ ಮಗು ಅಂತ ನೀವೂ ಕೊರಗ್ತಿದೀರಿ, ಇಂಥ ಮಕ್ಕಳ ಬಗ್ಗೆ ಎಲ್ಲರೂ ಕೇಳೋದು ಅದನ್ನೇ. ನನಗೆ ಯಾಕೋ ಅದು ದೊಡ್ಡೋರ ಚಿಂತೆ ಅನ್ನಿಸುತ್ತೆ. (ಇಂಥ ಮಕ್ಕಳಿಗೆ 'ಥರ್ಡ್ ಕಲ್ಚರ್ ಕಿಡ್ಸ್' ಅಂತ ಒಂದು ಹೆಸರಿದೆ, ಅದು ಹುಟ್ಟಿದ್ದು ನಮ್ಮ ದೇಶದ ಕಾರಣಕ್ಕೇ! 1950ರ ದಶಕದಲ್ಲಿ ಜಾನ್ ಯೂಸೀಮ್, ರೂತ್ ಯೂಸೀಮ್ ಅನ್ನೋ ಗಂಡ ಹೆಂಡತಿ ಭಾರತದಲ್ಲಿದ್ದ ಅಮೆರಿಕನ್ನರನ್ನ ಅಧ್ಯಯನ ಮಾಡೋವಾಗ ಹೊಳೆದ ಮಾತು.) ಮಗುವಿಗೆ ನಿಜವಾಗ್ಲೂ ಕಷ್ಟ ಕೊಡೋದು ಬೇರೆ ಎರಡು. ಅಪ್ಪ ಇಲ್ಲದ ತಿಂಗಳುಗಳು ಒಂದು, ಆ ಗೇಟು ಇನ್ನೊಂದು.

ಯೊಕೊಸುಕಾ ಅಂದ್ರೆ ವಿಮಾನವಾಹಕ ಹಡಗಿನ ಊರು. 1973ರಲ್ಲಿ ಮಿಡ್‌ವೇ ಅನ್ನೋ ಹಡಗು ಬಂದಾಗಿಂದ ಒಂದಲ್ಲ ಒಂದು ದೊಡ್ಡ ಹಡಗು ಅಲ್ಲಿ ಇದ್ದೇ ಇರುತ್ತೆ, 2024ರಲ್ಲಿ ರೊನಾಲ್ಡ್ ರೇಗನ್ ಅನ್ನೋ ಹಡಗು ಹೋಗಿ ಜಾರ್ಜ್ ವಾಷಿಂಗ್ಟನ್ ಅನ್ನೋದು ಮತ್ತೆ ಬಂತು. ಹಡಗು ಹೊರಟ್ರೆ ಒಂದೇ ದಿನದಲ್ಲಿ ಸಾವಿರಾರು ಮನೆಯಿಂದ ಅಪ್ಪನೋ ಅಮ್ಮನೋ ಕಾಣೆ. ಮೇಲಿನ ಮನೆ ಹುಡುಗ ಬಣ್ಣದ ಪೇಪರ್ ಕತ್ತರಿಸಿ ಸರಪಳಿ ಮಾಡಿ ಬಾಗಿಲಿಗೆ ಕಟ್ಟಿದ್ದ, ದಿನಕ್ಕೊಂದು ಕೊಂಡಿ ಕಿತ್ತು ಹಾಕೋದು, ಮುಗಿದಾಗ ಅಪ್ಪ ಬರ್ಬೇಕು. ಒಂದ್ಸಲ ಹಡಗು ತಡ ಆಯ್ತು. ರಾತ್ರಿ ಅವನ ಅಮ್ಮ ಕಣ್ಣು ತಪ್ಪಿಸಿ ಹೊಸ ಕೊಂಡಿ ಅಂಟಿಸ್ತಿದ್ರು, ಇವನಿಗೆ ಗೊತ್ತಾಗಿತ್ತು, ಆದ್ರೂ ಬಾಯಿ ಬಿಡಲಿಲ್ಲ. ನನ್ನ ಮಗಳಿಗೆ ಮಾತ್ರ ಹೇಳಿದ್ದ. ಎಂಟು ವರ್ಷದ ಹುಡುಗ ಅಮ್ಮನ ಸುಳ್ಳನ್ನ ಕಾಪಾಡ್ತಾನೆ ಅಂದ್ರೆ ನೋಡಿ.

2011ರ ಮಾರ್ಚ್ 11, ಶುಕ್ರವಾರ ಮಧ್ಯಾಹ್ನ 2.46ಕ್ಕೆ ಭೂಕಂಪ ಆದಾಗ ನಾವು ಅಲ್ಲೇ ಇದ್ವಿ. ಟ್ರೇನ್ ನಿಂತ್ವು, ಮಕ್ಕಳನ್ನ ಸ್ಕೂಲಿಂದ ಕರ್ಕೊಂಡು ಬರೋದೇ ಒಂದು ಸಾಹಸ. ಫುಕುಶಿಮಾ ಅಣು ಸ್ಥಾವರದ ಸುದ್ದಿ ಬಂದ್ಮೇಲೆ, ಹೋಗೋ ಇಷ್ಟ ಇರೋ ಮಿಲಿಟರಿ ಸಂಸಾರಗಳು ಹೋಗಬಹುದು ಅಂತ ಅಮೆರಿಕಾ ಸರ್ಕಾರ ಹೇಳ್ತು, ಸಾವಿರಾರು ಜನ ವಿಮಾನ ಹತ್ತಿದ್ರು. ಅಪ್ಪಂದಿರು ಮಾತ್ರ ಅಲ್ಲೇ, ಆಪರೇಷನ್ ತೊಮೊದಾಚಿ ಅಂತ ಪರಿಹಾರದ ಕೆಲಸ ನಡೀತಿತ್ತು, ತೊಮೊದಾಚಿ ಅಂದ್ರೆ ಸ್ನೇಹಿತ. ಆ ಹುಡುಗ ಒಂದು ಸ್ಕೂಲ್ ಬ್ಯಾಗಿನಷ್ಟು ಸಾಮಾನು ಹಿಡ್ಕೊಂಡು ಹೋದ, ಅವನ ಸೈಕಲ್ಲು ನಮ್ಮ ಮೆಟ್ಟಿಲ ಕೆಳಗೇ ಇತ್ತು. ಅವನು ಎರಡು ತಿಂಗಳಾದ್ಮೇಲೆ ವಾಪಸ್ ಬಂದ, ಅವನ ಕ್ಲಾಸಿನ ಎಷ್ಟೋ ಮಕ್ಕಳು ಬರ್ಲೇ ಇಲ್ಲ. ಸಾಮಾನ್ಯ ದಿನದಲ್ಲೂ ಅಷ್ಟೇ, ಮೂರು ವರ್ಷಕ್ಕೆ ಪೋಸ್ಟಿಂಗ್ ಬದಲಾಗುತ್ತೆ, ಇವನು ಹೋಗದೆ ಇದ್ರೂ ಪಕ್ಕದ ಬೆಂಚಿನವನು ಹೋಗಿರ್ತಾನೆ. ಅದಕ್ಕೇ ಈ ಮಕ್ಕಳು ಬೇಗ ಸ್ನೇಹ ಮಾಡ್ತವೆ. ನಾನೂ ಮಾಡ್ತಿದ್ದೆ, ಹೊಸ ಕ್ವಾರ್ಟರ್ಸಿಗೆ ಬಂದ ಸಂಜೆಯೇ ಲಗೋರಿ ಆಟಕ್ಕೆ ಸೇರ್ಕೊಂಡು.

ಇನ್ನು ಗೇಟು. ಝುಶಿಯಲ್ಲಿ ಇಕೆಗೊ ಅಂತ ನೇವಿ ವಸತಿ ಇದೆ, ಪಕ್ಕದ ಜಿಮ್ಮುಜಿ ಸ್ಟೇಷನ್ನಲ್ಲಿ ಅವರಿಗೇ ಅಂತ ಬೇರೆ ಗೇಟು, ಅಲ್ಲಿ ವಾಸ ಮಾಡೋರಿಗೆ ಮಾತ್ರ. ಒಂದೇ ಟ್ರೇನಿಂದ ಇಳಿದು ಅವರು ಆ ಕಡೆ, ನಾವು ಈ ಕಡೆ. ಬೇಸ್ ಒಳಗೆ ಸಿನಿಮಾ, ಬೌಲಿಂಗ್, ಆಸ್ಪತ್ರೆ ಎಲ್ಲ ಇರೋದ್ರಿಂದ ಮೂರು ವರ್ಷ ಹೊರಗೆ ಕಾಲಿಡದೇ ಕಳೆದುಬಿಡೋ ಸಂಸಾರಗಳೂ ಇವೆ, ನಾನು ನೋಡಿದೀನಿ, ನನಗೆ ಅದೊಂಥರಾ ಪಾಪ ಅನ್ಸುತ್ತೆ.

ಆ ಬೇಲಿಯ ಹೊರಗಡೆ ಇರೋ ಜಪಾನಿ ಮಗುವಿಗೂ ಒಂದು ದಿನಚರಿ ಇರುತ್ತಲ್ಲ, ಅದನ್ನ ಬಿಟ್ರೆ ನನ್ನ ಉತ್ತರ ಅರ್ಧ ಆಗುತ್ತೆ. ದಕ್ಷಿಣದ ದ್ವೀಪಗಳ ಓಕಿನಾವಾ ಪ್ರಾಂತ ಜಪಾನಿನ ಭೂಮಿಯಲ್ಲಿ ಶೇಕಡಾ 0.6ರಷ್ಟು ಅಷ್ಟೇ, ಆದ್ರೆ ಅಮೆರಿಕಾ ಸೇನೆಗೇ ಅಂತ ಬಿಟ್ಟುಕೊಟ್ಟ ಜಾಗದಲ್ಲಿ ಸುಮಾರು ಶೇಕಡಾ 70 ಅಲ್ಲೇ ಇದೆ. 2017ರ ಡಿಸೆಂಬರ್ 13ಕ್ಕೆ ಅಲ್ಲಿನ ಫುತೆನ್ಮಾ ಎರಡನೇ ಪ್ರಾಥಮಿಕ ಶಾಲೆಯ ಮೈದಾನಕ್ಕೆ, ಮಕ್ಕಳು ಪಿಟಿ ಕ್ಲಾಸಲ್ಲಿರೋವಾಗ, ಅಮೆರಿಕನ್ ಮಿಲಿಟರಿ ಹೆಲಿಕಾಪ್ಟರ್‌ನ ಕಿಟಕಿ ಬಿತ್ತು. ಸುಮಾರು 7.7 ಕಿಲೋ. ಒಬ್ಬ ಹುಡುಗನಿಗೆ ಸಣ್ಣ ಗಾಯ ಆಗಿದ್ದೇ ಪುಣ್ಯ. ಆಮೇಲೆ ಕೆಲವು ತಿಂಗಳು ಆ ಮಕ್ಕಳ ಆಟ ಅಂದ್ರೆ ವಿಮಾನ ಹತ್ರ ಬಂದಾಗೆಲ್ಲ ಬಿಟ್ಟು ಓಡಿ ಒಳಗೆ ಸೇರ್ಕೊಳ್ಳೋದು. ನಿಮ್ಮ ಮೊಮ್ಮಗ ಇರೋದು ಓಕಿನಾವಾ ಅಲ್ಲ, ಅವನ ತಪ್ಪೂ ಇಲ್ಲ, ಆದ್ರೆ ಬುದ್ಧಿ ಬಂದ್ಮೇಲೆ ಆ ಗೇಟು ಯಾಕಿತ್ತು ಅಂತ ಅವನು ಕೇಳೇ ಕೇಳ್ತಾನೆ. ಹೊರಗಿನ ನಾಲ್ಕು ಮುಖ ಪರಿಚಯ ಇದ್ರೆ ಆಗ ಅವನಿಗೆ ಉತ್ತರ ಸುಲಭ.

ಅದಕ್ಕೇ ಅಮ್ಮಾ, ನೀವು ಹೋದಾಗ ಊರು ಯಾವುದು ಅಂತ ಇನ್ನೊಂದ್ಸಲ ಕೇಳ್ಬೇಡಿ. ದಿನಾ ಸಂಜೆ ಅವನ ಕೈ ಹಿಡ್ಕೊಂಡು ಗೇಟಿಂದ ಆಚೆ ಹೋಗಿ, ನನಗೆ ದಾರಿ ಗೊತ್ತಿಲ್ಲ ಪುಟ್ಟಾ, ನೀನೇ ಕರ್ಕೊಂಡು ಹೋಗು ಅನ್ನಿ. ನಿಮಗೂ ಜಪಾನಿ ಬರಲ್ಲ ಅನ್ನೋದೇ ಇಲ್ಲಿ ಉಪಯೋಗಕ್ಕೆ ಬರೋದು. ನಿಮಗೋಸ್ಕರ ಅವನು ಅಂಗಡಿಯವರನ್ನ ಮಾತಾಡಿಸಲೇಬೇಕಾಗುತ್ತೆ, ಕುದಸಾಯಿ (ದಯವಿಟ್ಟು ಕೊಡಿ), ಅರಿಗಾತೊ (ಥ್ಯಾಂಕ್ಸ್) ಅಂತ ಎರಡು ಮಾತಿಂದ ಶುರುವಾದ್ರೂ ಸಾಕು. ಜಪಾನಿನ ಎಷ್ಟೋ ಊರಲ್ಲಿ ಸಂಜೆ ಬೀದಿ ಮೈಕಲ್ಲಿ ಒಂದು ಹಾಡಿನ ಧಾಟಿ ಬರುತ್ತೆ, ಅದನ್ನ ಕೇಳಿ ಮಕ್ಕಳು ಆಟ ಬಿಟ್ಟು ಮನೆಗೆ ಹೋಗ್ತವೆ. ಅಲ್ಲಿವರೆಗೂ ಪಾರ್ಕಲ್ಲಿ ಕೂತಿರಿ, ಚೆಂಡು ಒಂದು ಇದ್ರೆ ಭಾಷೆ ಅದರ ಹಿಂದೆ ಬರುತ್ತೆ.

ಎರಡು ಸಣ್ಣ ವಿಷಯ. ಉಪ್ಪಿನಕಾಯಿ ತಗೊಂಡು ಹೋಗಿ, ಆದ್ರೆ ಹಸಿ ಕರಿಬೇವು ಬ್ಯಾಗಿಗೆ ಹಾಕ್ಬೇಡಿ, ಸರ್ಟಿಫಿಕೇಟ್ ಇಲ್ಲದ ಸೊಪ್ಪು, ಹಣ್ಣು ಜಪಾನ್ ಏರ್‌ಪೋರ್ಟಲ್ಲೇ ಕಿತ್ಕೋತಾರೆ. ಬೇಸ್ ಒಳಗೆ ನಿಮ್ಮನ್ನ ಬಿಡೋಕೆ ಮಗಳು ಮುಂಚೆನೇ ಅನುಮತಿ ವಿಚಾರಿಸಿ, ಗೇಟಿಗೆ ಬಂದು ಸೈನ್ ಮಾಡ್ಬೇಕಾಗುತ್ತೆ, ಪಾಸ್‌ಪೋರ್ಟ್ ಕೈಲೇ ಇಟ್ಕೊಳ್ಳಿ. ಹಾಂ, ಆ ಮಕ್ಕಳಿಗೆ 10 ತುಂಬಿದ್ರೆ ಸ್ವಂತ ಫೋಟೋ ಇರೋ ಐಡಿ ಕಾರ್ಡ್ ಕೊಡ್ತಾರೆ. ಮೇಲಿನ ಮನೆ ಹುಡುಗ ಹುಟ್ಟುಹಬ್ಬದ ಕೇಕಿಗಿಂತ ಅದಕ್ಕೇ ಕಾಯ್ತಿದ್ದ, ಬಂದ ದಿನ ನಮ್ಮನೆ ಬಾಗಿಲು ಬಡಿದು ತೋರಿಸಿದ್ದ. ನಿಮ್ಮವನ ಹುಟ್ಟುಹಬ್ಬ ಯಾವಾಗ ಅಂತ ಬರೆದಿಲ್ಲ ನೀವು. ಮಾರ್ಚ್ ಆಸುಪಾಸಿನಲ್ಲೇ ಇದ್ರೆ ಟಿಕೆಟ್ ಸ್ವಲ್ಪ ಹಿಂದೆ ಮುಂದೆ ಮಾಡ್ಕೊಳ್ಳಿ.