ಮಳೆಗಾಲದಲ್ಲಿ ಕರೆಂಟು, ನೆಟ್ ಕೈಕೊಡುವ ಚಿಕ್ಕಮಗಳೂರಿನ ಕಡೆ ಇದ್ದುಕೊಂಡೇ ವೆಬ್ ಡೆವಲಪರ್ ಓಪನ್ ಸೋರ್ಸ್‌ಗೆ, ಅಂದರೆ ಯಾರು ಬೇಕಾದರೂ ಕೋಡ್ ನೋಡಿ ತಿದ್ದಬಹುದಾದ ಸಾಫ್ಟ್‌ವೇರ್‌ಗೆ, ಕೆಲಸ ಮಾಡಬಹುದಾ?

ಖಂಡಿತ ಮಾಡಬಹುದು. 2005ರಲ್ಲಿ ಲಿನಸ್ ಟೊರ್ವಾಲ್ಡ್ಸ್ ಶುರುಮಾಡಿದ, ಕೋಡಿನ ಬದಲಾವಣೆಗಳನ್ನೆಲ್ಲ ದಾಖಲಿಸಿಡುವ ಗಿಟ್‌ನಲ್ಲಿ ಪ್ರಾಜೆಕ್ಟಿನ ಪೂರ್ತಿ ಇತಿಹಾಸ ನಿಮ್ಮ ಲ್ಯಾಪ್‌ಟಾಪಿನಲ್ಲೇ ಇರುತ್ತದೆ. ಬ್ರಾಂಚ್ (ಕೋಡಿನ ಬೇರೆ ಕವಲು) ಮಾಡೋದು, ಕಮಿಟ್ (ಬದಲಾವಣೆ ದಾಖಲು) ಮಾಡೋದು, ಹಳೆ ಕೋಡ್ ಹುಡುಕೋದು ಯಾವುದಕ್ಕೂ ನೆಟ್ ಬೇಡ. ನೆಟ್ ಬಂದಾಗ ಪುಶ್ ಮಾಡಿ (ಸರ್ವರಿಗೆ ಏರಿಸಿ), ಪುಲ್ ರಿಕ್ವೆಸ್ಟ್ (ನನ್ನ ಬದಲಾವಣೆ ಸೇರಿಸಿಕೊಳ್ಳಿ ಎಂಬ ಕೋರಿಕೆ) ಕಳಿಸಿ. ಬೇಕಾದ ಲೈಬ್ರರಿಗಳನ್ನು (ಬೇರೆಯವರು ಬರೆದಿಟ್ಟ ಸಿದ್ಧ ಕೋಡ್) ಮಾತ್ರ ಮೊದಲೇ ಇಳಿಸಿಕೊಂಡಿರಿ.

ಆ ಕೋರಿಕೆಗೆ ಉತ್ತರ ಬರಲು ವಾರಗಳೇ ಆಗಬಹುದು. ಕೋಡ್ ನೋಡುವವರಲ್ಲೂ ಎಷ್ಟೋ ಜನ ಸಂಬಳವಿಲ್ಲದೆ ಬಿಡುವಿನಲ್ಲಿ ದುಡಿಯುವವರು. ಹಾಗಾಗಿ ಹೊಟ್ಟೆಪಾಡಿನ ಕೆಲಸ ಬಿಡಬೇಡಿ.

ಶುರು ಎಲ್ಲಿಂದ? ನನ್ನ ಪ್ರಕಾರ ಕನ್ನಡದಿಂದಲೇ. ಬಟನ್‌ಗಳಲ್ಲಿ ಒತ್ತಕ್ಷರದ ಕೆಳಭಾಗ ಕತ್ತರಿಸಿ ಹೋಗಿರುವುದನ್ನು ನೋಡಿರುತ್ತೀರಿ, ಅಲ್ವಾ? ಬಹಳ ಸಲ ಲೈನ್ ಹೈಟ್ (ಸಾಲಿನ ಎತ್ತರ) ಕಡಿಮೆ ಇಟ್ಟಿರುತ್ತಾರೆ, ಅಷ್ಟೇ. ಇಂಗ್ಲಿಷ್‌ನಲ್ಲಿ ಮಾತ್ರ ಪರೀಕ್ಷಿಸುವವರ ಕಣ್ಣಿಗೆ ಅದು ಬೀಳುವುದೇ ಇಲ್ಲ. ಸ್ಕ್ರೀನ್‌ಶಾಟ್ ಹಾಕಿ ಇಶ್ಯೂ (ತಪ್ಪಿನ ವರದಿ) ಬರೆಯಿರಿ, ಆಮೇಲೆ ನೀವೇ ತಿದ್ದಿ ಕಳಿಸಿ.